ಖೋಲಿ ಬಾಡಿಗೆಗೆ ರೊಕ್ಕ ಸಾಲುತ್ತಿಲ್ಲ, ಏನು ಮಾಡಲಿ ಅಕ್ಕಾ?

ಈ ತಿಂಗಳು ಬಂದ ಪತ್ರಗಳನ್ನು ಓದಿ ಮುಗಿಸುವಷ್ಟರಲ್ಲಿ ಮನಸ್ಸು ಭಾರವಾಯಿತು. ವಿಜಯಪುರ, ಬೆಳಗಾವಿ, ಬಾಗಲಕೋಟೆ, ಎಲ್ಲಿಂದ ಬಂದದ್ದಾದರೂ ಮಾತು ಒಂದೇ, ಖೋಲಿ ಬಾಡಿಗೆ. ಬರೆದವರು ಹೆಚ್ಚಾಗಿ ಇಪ್ಪತ್ತೆರಡು, ಇಪ್ಪತ್ತೈದರ ಹುಡುಗ ಹುಡುಗಿಯರು. ಮದುವೆಯಾಗಿಲ್ಲ, ಊರು ಬಿಟ್ಟು ಬಂದು ಒಬ್ಬರೇ ಇದ್ದಾರೆ. ತಿಂಗಳಿಗೆ ಒಂದಿಷ್ಟು ಅಂತ ಬರುತ್ತಿದ್ದ ಹಣ ಈಗ ನಿಂತಿದೆ, ಇಲ್ಲ ಕಡಿಮೆಯಾಗಿದೆ. ಬಾಡಿಗೆ ಮಾತ್ರ ಹಾಗೇ ಇದೆ. ಅದಕ್ಕೇ ಈ ಸಲ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದೊಂದನ್ನೇ ತೆಗೆದುಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನಾನು ಇಂಡಿ ತಾಲ್ಲೂಕಿನ ಹಳ್ಳಿಯವನು, ವಯಸ್ಸು 24. 2023ರಲ್ಲಿ ಬಿ.ಎ. ಮುಗಿಸಿ ವಿಜಯಪುರದಲ್ಲಿ ಖೋಲಿ ಹಿಡಿದು ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೇನೆ. ಬಾಡಿಗೆ 3500. ಕೆಲಸ ಸಿಗದ ಪದವೀಧರರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಯ 3000 ಬರುತ್ತಿತ್ತು. ಮೇಲಿನ 500 ಮತ್ತು ಖಾನಾವಳಿ ರೊಕ್ಕ ಅಪ್ಪ ಕಳಿಸುತ್ತಿದ್ದರು. ಈಗ ಎರಡು ವರ್ಷ ಮುಗಿದು ಯುವನಿಧಿ ನಿಂತಿದೆ. ಎರಡು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ. ಮಾಲಕರು ಮಲಗಿದ ಮೇಲೆ ಖೋಲಿಗೆ ಬರುತ್ತೇನೆ, ಅವರು ಏಳುವ ಮೊದಲೇ ಲೈಬ್ರರಿಗೆ ಹೋಗುತ್ತೇನೆ. ಅಪ್ಪನಿಗೆ ಹೇಳಿಲ್ಲ, ಈ ವರ್ಷ ನಮ್ಮ ಲಿಂಬೆಗೆ ರೇಟೂ ಸಿಕ್ಕಿಲ್ಲ. ಓದು ಬಿಟ್ಟು ಊರಿಗೆ ಹೋಗಲೇ?

ಉತ್ತರ: ತಮ್ಮಾ, ಊರಿಗೆ ಹೋಗುವ ಮಾತು ಆಮೇಲೆ. ಇವತ್ತು ಸಂಜೆ ಮಾಲಕರು ಎಚ್ಚರ ಇರುವಾಗಲೇ ಮನೆಗೆ ಹೋಗು. ಅವರ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳು.

ಇದು ನನಗೆ ಗೊತ್ತಿರುವ ಸಂಕಟ. ನಾನು ಬೆಳಗಾವಿಯಲ್ಲಿ ಓದುವಾಗ ಸ್ಕಾಲರ್‌ಶಿಪ್ ಹಣ ತಡವಾಗಿ ಒಂದೂವರೆ ತಿಂಗಳು ಮಾಲಕಿ ಅಜ್ಜಿಯ ಕಣ್ಣು ತಪ್ಪಿಸಿ ಓಡಾಡಿದ್ದೆ. ಹಿಂದಿನ ಬಾಗಿಲಿನಿಂದ ಹೋಗುವುದು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲು ಹತ್ತುವುದು, ಎಲ್ಲ ಮಾಡಿದ್ದೇನೆ. ಒಂದು ದಿನ ಅಜ್ಜಿ ಮೆಟ್ಟಿಲ ಮೇಲೇ ಕೂತಿದ್ದರು. ಬೈಯಲಿಲ್ಲ. "ನಿನ್ನ ಬಾಡಿಗೆ ನಂಬಿ ನಾನು ಭಿಶಿ (ಚೀಟಿ) ಹಾಕಿದ್ದೆನವ್ವಾ, ಮೊದಲೇ ಹೇಳಿದ್ದರೆ ಒಂದು ತಿಂಗಳು ಮುಂದೆ ಹಾಕಿಸಿಕೊಳ್ಳುತ್ತಿದ್ದೆ" ಅಂದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ನನ್ನ ಹತ್ತಿರ ಹಣ ಇಲ್ಲ ಅನ್ನುವುದಕ್ಕಿಂತ ನಾನು ಹೇಳಲಿಲ್ಲ ಅನ್ನುವುದೇ ಅವರಿಗೆ ಹೆಚ್ಚು ತೊಂದರೆ ಕೊಟ್ಟಿತ್ತು.

ಹೋಗುವಾಗ ಬರಿಗೈಯಲ್ಲಿ ಹೋಗಬೇಡ, ಲೆಕ್ಕ ಮಾಡಿಕೊಂಡು ಹೋಗು. ಬಾಕಿ 7000. ಖೋಲಿ ಹಿಡಿಯುವಾಗ ಡಿಪಾಜಿಟ್ ಕೊಟ್ಟಿರುತ್ತೀಯಲ್ಲ, ಅದರಲ್ಲಿ ಒಂದು ತಿಂಗಳದ್ದು ಹಿಡಿದುಕೊಳ್ಳಿ ಅಂತ ಕೇಳು. ಉಳಿದ 3500 ಅನ್ನು ತಿಂಗಳಿಗೆ 500ರಂತೆ ಏಳು ತಿಂಗಳಲ್ಲಿ ತೀರಿಸುತ್ತೇನೆ ಅನ್ನು. "ಆದಷ್ಟು ಬೇಗ ಕೊಡ್ತೀನಿ" ಅನ್ನಬೇಡ, ಆ ಮಾತನ್ನು ಯಾವ ಮಾಲಕರೂ ನಂಬುವುದಿಲ್ಲ. ಇಂಥ ತಾರೀಖಿಗೆ ಇಷ್ಟು ಅಂದರೆ ನಂಬುತ್ತಾರೆ. ಅದನ್ನೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ ಫೋಟೊ ತೆಗೆದಿಟ್ಟುಕೊಳ್ಳಿ. ಇನ್ನು ಮುಂದೆ ಬಾಡಿಗೆಯನ್ನು ಫೋನ್‌ಪೇನಲ್ಲೇ ಹಾಕು, ನಗದು ಕೊಟ್ಟರೆ ಚೀಟಿ ತಗೋ.

ಎರಡನೆಯದು, ಆ ಖೋಲಿಗೆ ಇನ್ನೊಬ್ಬ ಹುಡುಗನನ್ನು ಕರೆದುಕೊಳ್ಳುವುದು. ಒಬ್ಬನೇ ಇದ್ದರೆ ಓದು ಚೆನ್ನಾಗಿ ಆಗುತ್ತದೆ ಅಂತ ನೀನು ಅನ್ನಬಹುದು. ಆದರೆ ಬಾಡಿಗೆಯ ಚಿಂತೆ ತಲೆಯಲ್ಲಿ ಇಟ್ಟುಕೊಂಡು ಮಾಡುವ ಓದು ಎಂಥದ್ದು ಅನ್ನೋದು ನಿನಗೇ ಈಗ ಗೊತ್ತಾಗಿದೆ ಅಲ್ವಾ. ವಿಜಯಪುರದಲ್ಲಿ ಕೋಚಿಂಗ್‌ಗೆ ಅಂತ ಬಂದ ಹುಡುಗರಿಗೇನೂ ಕಡಿಮೆ ಇಲ್ಲ. ನಿನ್ನ ಲೈಬ್ರರಿಯಲ್ಲೇ, ನಿನ್ನ ಪಕ್ಕದ ಕುರ್ಚಿಯಲ್ಲೇ, ನಿನ್ನ ಹಾಗೆಯೇ ಯುವನಿಧಿ ನಿಂತು ಬಾಯಿ ಮುಚ್ಚಿಕೊಂಡು ಕೂತವನು ಇರಬಹುದು. ಮೊದಲು ಮಾಲಕರನ್ನು ಕೇಳು, ಆಮೇಲೆ ಅವನನ್ನು ಕೇಳು. 3500 ಇಬ್ಬರಿಗೆ ಹಂಚಿದರೆ 1750. ಬಾಕಿಯ 500 ಸೇರಿದರೂ 2250 ಆಯಿತು. ಇಬ್ಬರೂ ಕೂತು ಕೆಲವು ಮಾತು ಮೊದಲೇ ಆಡಿಕೊಳ್ಳಿ. ಡಿಪಾಜಿಟ್‌ನಲ್ಲಿ ಯಾರದ್ದು ಎಷ್ಟು, ಬಿಟ್ಟು ಹೋಗುವವನು ಎಷ್ಟು ದಿನ ಮೊದಲು ಹೇಳಬೇಕು, ರಾತ್ರಿ ದೀಪ ಎಷ್ಟು ಗಂಟೆಗೆ ಆರಿಸಬೇಕು. ಕೊನೆಯದನ್ನು ಸಣ್ಣದು ಅಂತ ಬಿಡಬೇಡ, ಖೋಲಿ ಜಗಳಗಳು ಹೆಚ್ಚಾಗಿ ಹುಟ್ಟುವುದು ಇಂಥದ್ದರಿಂದಲೇ.

ಯುವನಿಧಿ ವಿಷಯ. ಪದವೀಧರರಿಗೆ 3000, ಡಿಪ್ಲೊಮಾದವರಿಗೆ 1500, ಅದೂ ಹೆಚ್ಚೆಂದರೆ ಎರಡು ವರ್ಷ ಅಂತಲೇ ಆ ಯೋಜನೆ ಇರುವುದು. ಶಿವಮೊಗ್ಗದಲ್ಲಿ ಮೊದಲ ಕಂತು ಹಾಕಿದ್ದು 2024ರ ಜನವರಿ 12ರಂದು. ಹಾಗಾಗಿ ಮೊದಲ ಸಾಲಿನವರಿಗೆ 2026ರ ಆರಂಭಕ್ಕೆ 24 ತಿಂಗಳು ಮುಗಿಯಿತು. ಇದು ಕಚೇರಿಯವರ ತಪ್ಪಲ್ಲ, ಅರ್ಜಿ ಹಾಕಿದರೆ ಮತ್ತೆ ಶುರುವಾಗುವುದೂ ಅಲ್ಲ. "ಇನ್ನೊಂದು ವರ್ಷ ಮಾಡಿಸಿ ಕೊಡುತ್ತೇವೆ" ಅಂತ ಯಾರಾದರೂ ರೊಕ್ಕ ಕೇಳಿದರೆ ದಯವಿಟ್ಟು ಕೊಡಬೇಡ. ಒಂದು ಮಾತ್ರ ನೋಡಿಕೋ, ಸ್ವಯಂ ಘೋಷಣೆ ಕೊಡುವುದು ತಪ್ಪಿ ನಡುವೆ ಯಾವುದಾದರೂ ತಿಂಗಳ ಕಂತು ನಿಂತಿತ್ತಾ ಅಂತ ನಿನ್ನ ಬ್ಯಾಂಕ್ ಪಾಸ್‌ಬುಕ್ ಹಿಡಿದು ಎಣಿಸು. ನಿಂತಿದ್ದರೆ ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿರುವ ನಿನ್ನ ಖಾತೆ ನೋಡಿ, ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯಲ್ಲಿ ವಿಚಾರಿಸು.

ಇನ್ನೊಂದು ಮಾತು, ಬಹಳ ಹುಡುಗರಿಗೆ ಹೊಳೆಯದ್ದು. ಯುವನಿಧಿ ಬರುವಾಗ ಕೆಲಸ ಇಲ್ಲ ಅಂತ ಘೋಷಣೆ ಕೊಡಬೇಕಿತ್ತು. ಹಾಗಾಗಿ ಸಣ್ಣ ಸಂಪಾದನೆಗೂ ನೀವೆಲ್ಲ ಹೆದರಿ ಕೂತಿದ್ದಿರಿ. ಈಗ ಆ ಕಟ್ಟು ಇಲ್ಲ. ಸಂಜೆ ಒಂದೂವರೆ ಗಂಟೆ 7, 8ನೇ ತರಗತಿ ಮಕ್ಕಳಿಗೆ ಟ್ಯೂಷನ್ ಹೇಳು. ನೀನು ಹೇಗೂ ಇತಿಹಾಸ, ಭೂಗೋಳ, ಗಣಿತ ಓದುತ್ತಿದ್ದೀಯ. ಹೇಳಿಕೊಟ್ಟರೆ ಅದು ನಿನ್ನ ತಲೆಯಲ್ಲಿ ಇನ್ನೂ ಗಟ್ಟಿ ಕೂರುತ್ತದೆ. ಮಾಲಕರ ಮನೆಯಲ್ಲೋ ಪಕ್ಕದಲ್ಲೋ ಶಾಲೆಗೆ ಹೋಗುವ ಮಕ್ಕಳಿದ್ದರೆ ಅಲ್ಲಿಂದಲೇ ಶುರು ಮಾಡು.

ಊಟ ಮಾತ್ರ ಕಡಿಮೆ ಮಾಡಬೇಡ. ಬಾಡಿಗೆಗೆ ರೊಕ್ಕ ಕಡಿಮೆ ಬಿದ್ದಾಗ ಹುಡುಗರು ಮೊದಲು ಕೈ ಹಾಕುವುದು ಹೊಟ್ಟೆಗೇ, ರಾತ್ರಿ ಚಹಾ ಬಿಸ್ಕೀಟು ತಿಂದು ಮಲಗುತ್ತಾರೆ. ಇಂದಿರಾ ಕ್ಯಾಂಟೀನ್‌ನಲ್ಲಿ ನಾಷ್ಟಾ 5 ರೂಪಾಯಿ, ಊಟ 10 ರೂಪಾಯಿ. ಅಲ್ಲಿ ಉಣ್ಣುವುದಕ್ಕೆ ನಾಚಿಕೆ ಯಾಕೆ? ಅವ್ವ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ಮಾಡಿ ಊರಿನ ಬಸ್ಸಿಗೆ ಕೊಟ್ಟು ಕಳಿಸಿದರೆ ವಾರ ನಡೆಯುತ್ತದೆ. ಆದರೆ ಅದಕ್ಕೆ ಅವ್ವನಿಗೆ ವಿಷಯ ಗೊತ್ತಿರಬೇಕು. ಅಪ್ಪನಿಗೂ ಹೇಳು ತಮ್ಮಾ. ಲಿಂಬೆಗೆ ರೇಟು ಇಲ್ಲದ ವರ್ಷ ಅವರಿಗೆ ಹೊಸದಲ್ಲ. ಮಗ ಕಳ್ಳನ ಹಾಗೆ ಮನೆ ಸೇರುತ್ತಿದ್ದಾನೆ ಅಂತ ಬೇರೆಯವರ ಬಾಯಿಂದ ಕೇಳುವುದು ಅವರಿಗೆ ಹೊಸದು.

ಮಾಲಕರು ಒಪ್ಪದೆ ಇವತ್ತೇ ಖಾಲಿ ಮಾಡು ಅಂದರೆ? ತಿಂಗಳ ಬಾಡಿಗೆಯ ಖೋಲಿಗೆ, ಬೇರೆ ಕರಾರು ಇಲ್ಲದಿದ್ದರೆ, ಬಿಡಿಸುವುದಕ್ಕೆ 15 ದಿನದ ನೋಟಿಸ್ ಕೊಡಬೇಕು ಅಂತ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲೇ ಇದೆ. ಸಾಮಾನು ಹೊರಗೆ ಎಸೆಯುವುದು, ಬಾಗಿಲಿಗೆ ಬೇರೆ ಕೀಲಿ ಹಾಕುವುದು ಮಾಡುವ ಹಾಗಿಲ್ಲ. ಅಂಥ ಪ್ರಸಂಗ ಬಂದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡು, ದುಡ್ಡಿಲ್ಲದೆ ಸಲಹೆ ಸಿಗುತ್ತದೆ. ಕತ್ತಲಲ್ಲಿ ಬಂದು ಕತ್ತಲಲ್ಲಿ ಹೋಗುವ ಈ ಬದುಕಿನಿಂದ ನಿದ್ದೆ ಕೆಟ್ಟಿದ್ದರೆ, ಬೇಡದ ವಿಚಾರ ಬರುತ್ತಿದ್ದರೆ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು. ಕನ್ನಡದಲ್ಲೇ ಮಾತಾಡುತ್ತಾರೆ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಊರಿಗೆ ಹೋಗಿ ಓದು, ಪರೀಕ್ಷೆಗೆ ಎರಡು ತಿಂಗಳು ಇದೆ ಅನ್ನುವಾಗ ಬಂದು ಖೋಲಿ ಹಿಡಿ. ಅದು ಸೋಲಲ್ಲ. ಆದರೆ ಮಾಲಕರಿಗೆ ಹೇಳದೆ ರಾತ್ರೋರಾತ್ರಿ ಗಂಟು ಕಟ್ಟಿಕೊಂಡು ಹೋಗಬೇಡ. ನಾಳೆ ನಿನ್ನ ಊರಿನ ಇನ್ನೊಬ್ಬ ಹುಡುಗ ಆ ಓಣಿಗೆ ಖೋಲಿ ಕೇಳಿಕೊಂಡು ಬರುತ್ತಾನೆ.

ಪ್ರಶ್ನೆ: ಅಕ್ಕಾ, ನಾನು ಬೈಲಹೊಂಗಲ ಕಡೆಯವಳು, 23 ವರ್ಷ. ಬೆಳಗಾವಿಯಲ್ಲಿ ಒಂದು ಖಾಸಗಿ ಕಚೇರಿಯಲ್ಲಿ ಕೆಲಸ, ಪಗಾರ 13,000. ಹೊರಗಿನಿಂದ ಬಂದವರಿಗೆ ಅಂತ ಖೋಲಿಗೆ 1500 ಬೇರೆ ಕೊಡುತ್ತಿದ್ದರು, ಹೋದ ತಿಂಗಳಿಂದ ನಿಲ್ಲಿಸಿದ್ದಾರೆ. ಅನಗೋಳದಲ್ಲಿ ನಾನು, ಗೆಳತಿ ಸೇರಿ 6000 ಬಾಡಿಗೆಯ ಎರಡು ಖೋಲಿಯಲ್ಲಿ ಇದ್ದೆವು. ಅವಳಿಗೆ ಮದುವೆಯಾಗಿ ಹೋದಳು. ಈಗ ಪೂರ್ತಿ 6000 ನಾನೇ ಕೊಡಬೇಕು. ಗುರುತಿಲ್ಲದ ಹುಡುಗಿಯನ್ನು ಇಟ್ಟುಕೊಳ್ಳುವುದು ಬೇಡ ಅಂತ ಮಾಲಕಿ ಕಾಕು ಹೇಳುತ್ತಾರೆ. ಮನೆಯಲ್ಲಿ ಹೇಳಿದರೆ ಕೆಲಸ ಬಿಟ್ಟು ಬಾ ಅನ್ನುತ್ತಾರೆ.

ಉತ್ತರ: ತಂಗಿ, ನಿನ್ನ ಪತ್ರದ ಕೊನೆಯ ಸಾಲೇ ನನಗೆ ಜಾಸ್ತಿ ತಾಗಿತು. ಹುಡುಗನಿಗೆ ಬಾಡಿಗೆ ಸಾಲದಿದ್ದರೆ ಮನೆಯವರು ಅಲ್ಲಿ ಇಲ್ಲಿ ಹೊಂದಿಸಿ ಕಳಿಸುತ್ತಾರೆ, ಹುಡುಗಿಗೆ ಸಾಲದಿದ್ದರೆ ಕೆಲಸ ಬಿಡು ಅನ್ನುತ್ತಾರೆ. 13,000 ಪಗಾರದ ನಿನ್ನ ಕೆಲಸ ಬಹಳ ದೊಡ್ಡದು. 1500 ರೂಪಾಯಿಗೆ ಅದನ್ನು ಬಿಟ್ಟುಕೊಡಬೇಡ.

ಮೊದಲು ನಿನ್ನ ನೇಮಕಾತಿ ಪತ್ರ ತೆಗೆದು ಓದು. ಆ 1500 ಅಲ್ಲಿ ಬರೆದಿದೆಯಾ, ಪಗಾರ ಚೀಟಿಯಲ್ಲಿ ತಿಂಗಳು ತಿಂಗಳು ತೋರಿಸುತ್ತಿದ್ದರಾ? ಹಾಗಿದ್ದರೆ ಯಾವ ತಾರೀಖಿನಿಂದ, ಯಾಕೆ ನಿಲ್ಲಿಸಿದಿರಿ ಅಂತ ಇಮೇಲ್‌ನಲ್ಲಿ ಮರ್ಯಾದೆಯಿಂದ ಕೇಳು. ನಿನ್ನ ಹಾಗೆ ಹೊರಗಿನಿಂದ ಬಂದವರು ನಾಲ್ಕು ಮಂದಿ ಇದ್ದರೆ ನಾಲ್ಕೂ ಮಂದಿ ಸೇರಿ ಕೇಳಿ, ಒಬ್ಬಳೇ ಎದ್ದು ಕಾಣುವುದು ಬೇಡ. ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಆ ಪತ್ರ ತೋರಿಸಿ ಸಲಹೆ ಕೇಳಬಹುದು. ಬರೀ ಬಾಯಿ ಮಾತಿನಲ್ಲಿ ಕೊಡುತ್ತಿದ್ದದ್ದಾದರೆ ಮರಳಿ ಬರುವುದು ಕಷ್ಟ, ಅದನ್ನು ನಂಬಿ ಕೂರಬೇಡ.

ಮಾಲಕಿ ಕಾಕುವಿನ ಹೆದರಿಕೆಯೂ ಸುಮ್ನೆ ಹುಟ್ಟಿದ್ದಲ್ಲ. ಗುರುತಿಲ್ಲದವರನ್ನು ಇಟ್ಟುಕೊಂಡು ನಾಳೆ ಏನಾದರೂ ಆದರೆ ಓಣಿಯವರೆಲ್ಲ ಬಂದು ಕೇಳುವುದು ಅವರನ್ನೇ. ಹಾಗಾಗಿ ಗುರುತು ಇರುವವಳನ್ನೇ ಹುಡುಕು. ನಿನ್ನ ಕಚೇರಿಯವಳು, ಇಲ್ಲ ಬೈಲಹೊಂಗಲ, ಸವದತ್ತಿ, ಕಿತ್ತೂರು ಕಡೆಯವಳು, ನಿನ್ನ ಕಾಲೇಜಿನಲ್ಲಿ ಹಿಂದೆ ಮುಂದೆ ಓದಿದವಳು. ಅವಳ ತಂದೆ ತಾಯಿಯನ್ನು ಒಂದು ರವಿವಾರ ಕಾಕುವಿನ ಮನೆಗೆ ಕರೆಸಿ ಮಾತಾಡಿಸು, ಆಧಾರ್ ನಕಲು ಕೊಡಿಸು. ಮುಖ ನೋಡಿ ಮಾತಾಡಿದ ಮೇಲೆ ಬಹಳ ಮಂದಿ ಮಾಲಕರು ಒಪ್ಪುತ್ತಾರೆ. ಫೇಸ್‌ಬುಕ್ಕಿನಲ್ಲಿ "ರೂಮ್‌ಮೇಟ್ ಬೇಕು" ಅಂತ ನಿನ್ನ ನಂಬರ್ ಹಾಕುವುದು ಮಾತ್ರ ಬೇಡ.

ಹೊಸಬಳು ಸಿಗುವ ತನಕ ಕಾಕುವನ್ನು ಇನ್ನೊಂದು ಕೇಳಬಹುದು. ಎರಡು ಖೋಲಿಯಲ್ಲಿ ಒಂದನ್ನು ಅವರಿಗೇ ಬಿಟ್ಟುಕೊಟ್ಟು ಒಂದಕ್ಕೆ ಮಾತ್ರ ಬಾಡಿಗೆ ಕೊಡುತ್ತೇನೆ ಅಂತ. ಅವರು ಅಲ್ಲಿ ಜೋಳದ ಚೀಲವಾದರೂ ಇಡಬಹುದು, ಮೊಮ್ಮಕ್ಕಳನ್ನಾದರೂ ಮಲಗಿಸಬಹುದು. ಕೇಳದೆ ಯಾರೂ ಕೊಡುವುದಿಲ್ಲ ಅಲ್ವಾ.

ಉದ್ಯೋಗಸ್ಥ ಮಹಿಳೆಯರ ವಸತಿ ನಿಲಯವನ್ನೂ ವಿಚಾರಿಸು. ಕೇಂದ್ರ ಸರ್ಕಾರದ ಈ ಯೋಜನೆಗೆ ಈಗ ಸಖಿ ನಿವಾಸ ಅಂತ ಹೆಸರು. ಈ ನಿಲಯಗಳ ನಿಯಮದಲ್ಲಿ ಬಾಡಿಗೆಯನ್ನು ಪಗಾರಕ್ಕೆ ಕಟ್ಟಿದ್ದಾರೆ. ಒಬ್ಬರೇ ಇರುವ ಖೋಲಿಗೆ ಪಗಾರದ ನೂರಕ್ಕೆ 15, ಇಬ್ಬರಿದ್ದರೆ 10, ಹಾಲ್‌ನಲ್ಲಿ ಹೆಚ್ಚು ಮಂದಿ ಇದ್ದರೆ 7.5, ಅದಕ್ಕಿಂತ ಮೇಲೆ ತೆಗೆದುಕೊಳ್ಳುವ ಹಾಗಿಲ್ಲ, ಊಟದ್ದು ಬೇರೆ. ನಿನ್ನ ಲೆಕ್ಕಕ್ಕೆ ಇಬ್ಬರ ಖೋಲಿಗೆ 1300 ಬರುತ್ತದೆ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ಎಲ್ಲಿ ಜಾಗ ಖಾಲಿ ಇದೆ ಅಂತ ಕೇಳಿ ಹೆಸರು ಬರೆಸಿ ಬಾ. ತಕ್ಷಣ ಸಿಗದಿದ್ದರೂ ಸಾಲಿನಲ್ಲಿ ಇರು.

ಇದು ಯಾವುದೂ ಕೂಡಿ ಬರದಿದ್ದರೆ ಒಂದೆರಡು ತಿಂಗಳ ಮಟ್ಟಿಗೆ ಬೈಲಹೊಂಗಲದಿಂದ ದಿನಾ ಓಡಾಡಬಹುದು. ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ನಿನಗೆ ಟಿಕೆಟ್ ಖರ್ಚಿಲ್ಲ. ದಾರಿ ಗಂಟೆಯ ಮೇಲೆ ಹಿಡಿಯುತ್ತದೆ, ದೇಹಕ್ಕೆ ದಣಿವು. ಅದನ್ನು ಕಾಯಂ ಮಾಡಿಕೊಳ್ಳಬೇಡ, ಮತ್ತೆ ಖೋಲಿ ಹುಡುಕುವ ತನಕ ಅಷ್ಟೇ.

ಪ್ರಶ್ನೆ: ನಾನು ಬಾಗಲಕೋಟೆಯ ತಾಯಿ. ನನ್ನ ಮಗಳು ನರ್ಸ್, ಇಂಗ್ಲೆಂಡಿಗೆ ಹೋಗಿ ಏಳು ವರ್ಷದ ಮೇಲಾಯಿತು, ಅಲ್ಲಿ ಕಾಯಂ ಇರುವ ಪರವಾನಗಿಯೂ ಸಿಕ್ಕಿದೆ. ವಯಸ್ಸು 31, ಮದುವೆ ಇಲ್ಲ. ಬೆನ್ನು ನೋವಿನಿಂದ ಈಗ ವಾರಕ್ಕೆ ಎರಡೇ ದಿನ ಕೆಲಸ. ಸರ್ಕಾರ ಬಾಡಿಗೆಗೆ ಸಹಾಯ ಕೊಡುತ್ತದಂತೆ, ಆದರೆ ಅವಳ ಬಾಡಿಗೆಯ ಅರ್ಧವೂ ಬರುವುದಿಲ್ಲ ಅನ್ನುತ್ತಾಳೆ. 35 ಆಗಿಲ್ಲ ಅಂತ ಕಡಿಮೆ ಕೊಡುತ್ತಾರಂತೆ. ಇದು ನಿಜವೇ? ನನ್ನ ಬಂಗಾರ ಇಟ್ಟು ರೊಕ್ಕ ಕಳಿಸಲೇ?

ಉತ್ತರ: ಅಕ್ಕಾರೇ, ಮಗಳು ಹೇಳಿದ್ದು ನಿಜ. ಅಲ್ಲಿ ಖಾಸಗಿ ಮನೆಯಲ್ಲಿ ಬಾಡಿಗೆಗೆ ಇರುವ, 35 ತುಂಬದ, ಮಕ್ಕಳಿಲ್ಲದ ಒಂಟಿ ವ್ಯಕ್ತಿಗೆ ಇಡೀ ಮನೆಯ ಲೆಕ್ಕದಲ್ಲಿ ಸಹಾಯ ಕೊಡುವುದಿಲ್ಲ. ಬೇರೆಯವರ ಜೊತೆ ಹಂಚಿಕೊಂಡ ಮನೆಯಲ್ಲಿ ಒಂದು ಖೋಲಿಗೆ ಎಷ್ಟೋ ಅಷ್ಟರ ಲೆಕ್ಕ. ಮೊದಲು ಈ ಮಿತಿ 25 ವಯಸ್ಸಿನ ಒಳಗಿನವರಿಗೆ ಮಾತ್ರ ಇತ್ತು. ಖರ್ಚು ಉಳಿಸಲು 2012ರ ಜನವರಿಯಿಂದ ಅದನ್ನು 35ಕ್ಕೆ ಏರಿಸಿದರು. ಒಂಟಿ ಇರುವವರಿಗೆ ಖರ್ಚು ಕಡಿಮೆ ಅಂತ ಸರ್ಕಾರಗಳು ಯಾಕೆ ಅಂದುಕೊಳ್ಳುತ್ತವೋ. ಬಾಡಿಗೆ ಹಂಚಿಕೊಳ್ಳಲು ಜೊತೆಗೆ ಇನ್ನೊಬ್ಬರಿಲ್ಲದವರಿಗೇ ಅದು ಹೆಚ್ಚು ಭಾರ.

ಬಂಗಾರ ಇಡಬೇಡಿ, ಕಾರಣ ಹೇಳುತ್ತೇನೆ. ಅಲ್ಲಿ ಯೂನಿವರ್ಸಲ್ ಕ್ರೆಡಿಟ್ (ಬಾಡಿಗೆಯ ಸಹಾಯವೂ ಸೇರಿದ ಸರ್ಕಾರಿ ಭತ್ಯೆ) ಪಡೆಯುವವರ ಉಳಿತಾಯ 6000 ಪೌಂಡ್ ದಾಟಿದರೆ ಸಹಾಯ ಕಡಿಮೆಯಾಗುತ್ತಾ ಹೋಗುತ್ತದೆ, 16,000 ಪೌಂಡ್ ದಾಟಿದರೆ ನಿಲ್ಲುತ್ತದೆ. ನೀವು ಒಮ್ಮೆಲೆ ದೊಡ್ಡ ಮೊತ್ತ ಕಳಿಸಿ ಅದು ಖಾತೆಯಲ್ಲಿ ಕೂತರೆ ಅವಳ ಉಳಿತಾಯದ ಲೆಕ್ಕಕ್ಕೇ ಸೇರುತ್ತದೆ. ಬಂಗಾರವೂ ಹೋಗಿ, ಬರುತ್ತಿದ್ದದ್ದೂ ಕಡಿಮೆಯಾಗಬಾರದು ನೋಡಿ.

ಮಗಳಿಗೆ ಹೀಗೆ ಹೇಳಿ. ಈ ವಯಸ್ಸಿನ ನಿಯಮಕ್ಕೆ ವಿನಾಯಿತಿಗಳು ಇವೆ. ದಿನದ ಕೆಲಸ ಮಾಡಿಕೊಳ್ಳಲು ಆಗದಷ್ಟು ತೊಂದರೆ ಇದ್ದವರಿಗೆ ಅಲ್ಲಿ ಪಿಐಪಿ ಅಂತ ಒಂದು ಭತ್ಯೆ ಇದೆ. ಅದರ ದಿನನಿತ್ಯದ ಆರೈಕೆಯ ಭಾಗ ಮಂಜೂರಾದರೆ ಇಡೀ ಒಂದು ಬೆಡ್‌ರೂಮ್ ಮನೆಯ ಲೆಕ್ಕ ಸಿಗಬಹುದು. ಬೆನ್ನು ನೋವು ಅವಳಿಗೆ ಎಷ್ಟು ಅಡ್ಡಿ ಮಾಡುತ್ತಿದೆ ಅಂತ ಡಾಕ್ಟರ ಹತ್ತಿರ ಬರೆಸಿಕೊಂಡು ಅರ್ಜಿ ಹಾಕಲಿ. ನರ್ಸ್‌ಗಳು ತಮ್ಮ ನೋವನ್ನು ಕಡಿಮೆ ಮಾಡಿಯೇ ಹೇಳುತ್ತಾರೆ, ಅವಳು ಹಾಗೆ ಮಾಡದಿರಲಿ. ಬಾಡಿಗೆಗೂ ಸಹಾಯಕ್ಕೂ ನಡುವೆ ಬೀಳುವ ಅಂತರಕ್ಕೆ ಊರಿನ ಕೌನ್ಸಿಲ್ (ನಮ್ಮ ನಗರಸಭೆಯಂಥದ್ದು) ಹತ್ತಿರ ಬೇರೆ ನಿಧಿ ಇರುತ್ತದೆ. ಅದು ತಾನಾಗಿ ಬರುವುದಿಲ್ಲ, ಕೇಳಬೇಕು. ಒಬ್ಬಳೇ ಇರುವುದರಿಂದ ಕೌನ್ಸಿಲ್ ತೆರಿಗೆಯಲ್ಲಿ ನೂರಕ್ಕೆ 25 ರಿಯಾಯಿತಿ ಇದೆ, ತೆಗೆದುಕೊಂಡಿದ್ದಾಳಾ ಕೇಳಿ.

ಮುಖ್ಯವಾದದ್ದು, ಯಾರ ಸಲಹೆಯನ್ನೂ ಕೇಳದೆ ಮನೆ ಬಿಟ್ಟು ಬರುವುದು ಬೇಡ. ಇರುವ ಮನೆಯನ್ನು ತಾನಾಗಿ ಬಿಟ್ಟರೆ, ಬೇಕಂತಲೇ ಮನೆ ಕಳೆದುಕೊಂಡವರು ಅಂತ ಕೌನ್ಸಿಲ್ ಎಣಿಸಬಹುದು, ಆಗ ಮುಂದಿನ ಸಹಾಯಕ್ಕೆ ಅಡ್ಡಿಯಾಗುತ್ತದೆ. ಸಿಟಿಜನ್ಸ್ ಅಡ್ವೈಸ್, ಶೆಲ್ಟರ್ ಅನ್ನುವ ಸಂಸ್ಥೆಗಳು ಅಲ್ಲಿ ಹಣ ತೆಗೆದುಕೊಳ್ಳದೆ ದಾರಿ ತೋರಿಸುತ್ತವೆ, ಮೊದಲು ಅಲ್ಲಿಗೆ ಹೋಗಲಿ. ಆಮೇಲೆ ಗೆಳತಿಯರ ಜೊತೆ ಹಂಚಿಕೊಂಡ ಮನೆಗೆ ಹೋಗುವುದೇ ಸರಿ ಅನಿಸಿದರೆ ಹೋಗಲಿ, ಅಂತರ ಬಹಳ ಮಟ್ಟಿಗೆ ಮುಚ್ಚುತ್ತದೆ. ಬೆನ್ನು ಹಿಡಿದಾಗ ಒಂದು ಲೋಟ ಬಿಸಿ ನೀರು ಕೊಡುವವರೂ ಇರುತ್ತಾರೆ.

ಪ್ರಶ್ನೆ: ನಮ್ಮ ಖೋಲಿಗೆ ಗೃಹಜ್ಯೋತಿಯ ಉಚಿತ ಕರೆಂಟ್ ಇದ್ದರೂ ಮಾಲಕರು ಲೈಟ್ ಬಿಲ್ಲು ಅಂತ ತಿಂಗಳಿಗೆ 300 ತೆಗೆದುಕೊಳ್ಳುತ್ತಾರೆ. ಕೇಳಬಹುದೇ? (ವಿಜಯಪುರದಿಂದ ಇಬ್ಬರು ಗೆಳೆಯರು)

ಉತ್ತರ: ಕೇಳಬಹುದು, ಆದರೆ ಮೊದಲು ಮೀಟರ್ ನೋಡಿ ಕೇಳಿ. ನಿಮ್ಮ ಖೋಲಿಗೆ ಬೇರೆ ಮೀಟರ್, ಬೇರೆ ಆರ್.ಆರ್. ನಂಬರ್ (ಕರೆಂಟ್ ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆ) ಇದ್ದರೆ ಬಾಡಿಗೆಯವರು ತಮ್ಮ ಆಧಾರ್‌ನಲ್ಲೇ ಗೃಹಜ್ಯೋತಿಗೆ ನೋಂದಾಯಿಸಿಕೊಳ್ಳಬಹುದು, ಬಾಡಿಗೆ ಕರಾರು ಪತ್ರ ಬೇಕು. ಹಿಂದಿನ ಬಾಡಿಗೆಯವರ ಆಧಾರ್ ಇನ್ನೂ ಜೋಡಣೆಯಲ್ಲಿದ್ದರೆ ಅದನ್ನು ಸೇವಾಸಿಂಧುವಿನಲ್ಲಿ ತೆಗೆಸಬೇಕು. ಇಡೀ ಮನೆಗೆ ಒಂದೇ ಮೀಟರ್ ಇದ್ದು ನಿಮಗೆ ಒಳಗೆ ಸಣ್ಣ ಮೀಟರ್ ಕೂರಿಸಿದ್ದರೆ ಕಥೆ ಬೇರೆ. ಎಲ್ಲ ಖೋಲಿ ಸೇರಿ 200 ಯೂನಿಟ್ ದಾಟಿದರೆ ಅವರಿಗೆ ಪೂರ್ತಿ ಬಿಲ್ಲು ಬರುತ್ತದೆ, 300 ಕೇಳುವುದು ಅನ್ಯಾಯವಲ್ಲ. ಹೆಸ್ಕಾಂ ಬಿಲ್ಲು ತೋರಿಸಿ ಅಂತ ಕೇಳಿ ನೋಡಿ. ಶೂನ್ಯ ಬಿಲ್ಲು ಇದ್ದೂ ತೆಗೆದುಕೊಳ್ಳುತ್ತಿದ್ದರೆ ಆ 300ನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಿ ಅಂತ ನೇರವಾಗಿ ಹೇಳಿ.

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ. ನಿವೃತ್ತ ಶಿಕ್ಷಕ ನಾನು. ಮೇಲಿನ ಖೋಲಿಯನ್ನು ಒಬ್ಬ ಹುಡುಗನಿಗೆ ಕೊಟ್ಟಿದ್ದೇನೆ, ಒಳ್ಳೆಯವನು. ಎರಡು ತಿಂಗಳಿಂದ ಬಾಡಿಗೆ ಇಲ್ಲ, ನನ್ನನ್ನು ನೋಡಿದರೆ ತಲೆ ತಗ್ಗಿಸಿ ಹೋಗುತ್ತಾನೆ. ಬಿಡಿಸಲು ಮನಸ್ಸಿಲ್ಲ. ಆದರೆ ಆ ಬಾಡಿಗೆಯಿಂದಲೇ ನಮ್ಮಿಬ್ಬರ ಔಷಧಿ ನಡೆಯುತ್ತದೆ.

ಉತ್ತರ: ಸರ್, ನಿಮ್ಮ ಪತ್ರ ಓದಿ ಮೇಲಿನ ವಿಜಯಪುರದ ತಮ್ಮನ ಪತ್ರವನ್ನು ಇನ್ನೊಮ್ಮೆ ಓದಿದೆ. ನಿಮ್ಮ ಹುಡುಗನದೂ ಹೆಚ್ಚುಕಡಿಮೆ ಅದೇ ಅವಸ್ಥೆ ಇರಬಹುದು. ಮೆಟ್ಟಿಲ ಹತ್ತಿರ ತಡೆದು ಕೇಳಬೇಡಿ, ಚಹಾಕ್ಕೆ ಅಂತ ಒಳಗೆ ಕರೆಯಿರಿ. "ಬಾಡಿಗೆ ಯಾವಾಗ ಕೊಡ್ತೀ" ಅಂತ ಶುರು ಮಾಡಿದರೆ ಅವನು ಹೆದರಿ ಸುಳ್ಳು ತಾರೀಖು ಹೇಳುತ್ತಾನೆ. "ರೊಕ್ಕ ಎಲ್ಲಿಂದ ಬರುತ್ತಿತ್ತು, ಈಗ ಏನಾಗಿದೆ" ಅಂತ ಕೇಳಿ.

ಔಷಧಿಯ ಮಾತನ್ನೂ ಮುಚ್ಚಿಡಬೇಡಿ. ಈ ಬಾಡಿಗೆ ನಮಗೆ ಯಾಕೆ ಬೇಕು ಅಂತ ಅವನಿಗೆ ಗೊತ್ತಿರಲಿ. ಮನೆ ಇರುವವರ ಹತ್ತಿರ ರೊಕ್ಕ ಇದ್ದೇ ಇರುತ್ತದೆ ಅಂತ ಹುಡುಗರು ತಿಳಿದಿರುತ್ತಾರೆ. ನವನಗರದಲ್ಲಿ ಎಷ್ಟೋ ಮನೆಗಳು ಆಲಮಟ್ಟಿ ಹಿನ್ನೀರಿಗೆ ಹಳೆ ಮನೆ ಬಿಟ್ಟುಕೊಟ್ಟು ಬಂದವರದು, ಇಟ್ಟಿಗೆ ಇಟ್ಟಿಗೆ ಕೂಡಿಸಿ ಕಟ್ಟಿದ್ದು. ಅದು ಅವನಿಗೆ ಯಾರು ಹೇಳಬೇಕು?

ಬಾಕಿಯನ್ನು ಕಂತು ಮಾಡಿ ಕೊಡಿ, ಇನ್ನೊಬ್ಬ ಹುಡುಗ ಬರುವುದಕ್ಕೆ ಒಪ್ಪಿ. ಇಬ್ಬರಾದರೆ ನೀರು, ಸಂಡಾಸು ಹೆಚ್ಚು ಖರ್ಚು ಅನಿಸಿದರೆ ಬಾಡಿಗೆಯ ಮೇಲೆ 200, 300 ಹೆಚ್ಚು ಕೇಳಿ, ಇಬ್ಬರಲ್ಲಿ ಹಂಚಿದರೆ ಅವರಿಗೂ ಹೊರೆಯಲ್ಲ. ನೀವು ಶಿಕ್ಷಕರು. ಟ್ಯೂಷನ್‌ಗೆ ಬರುವ ಮಕ್ಕಳು ಓಣಿಯಲ್ಲಿ ಯಾರ ಮನೆಯಲ್ಲಿದ್ದಾರೆ ಅನ್ನೋದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಲ್ಕು ಮನೆಗೆ ನೀವು ಒಂದು ಮಾತು ಹೇಳಿದರೆ ಅವನಿಗೆ ಸಂಜೆಯ ಕೆಲಸ ಸಿಗುತ್ತದೆ, ನಿಮಗೆ ಬಾಡಿಗೆ ಬರುತ್ತದೆ. ಮೇಲಿನ ಖೋಲಿಯ ಮುಂದೆ ಪಡಸಾಲೆ ಇದ್ದರೆ ಪಾಠ ಅಲ್ಲೇ ನಡೆಯಲಿ. ಚಹಾ ಕುಡಿದ ಮೇಲೆ ಮತ್ತೆ ಬರೆಯಿರಿ ಸರ್, ಏನಾಯಿತು ಅಂತ ತಿಳಿಯಲು ಕಾಯುತ್ತಿರುತ್ತೇನೆ.